ಹತ್ತು ಲಾಡು, ಹತ್ತು ಬೆಂಚು

ನಾನು ಜಗಳಕ್ಕೆ ಅಂತ ಹೊರಟ ಕಡೆಯಲ್ಲೆಲ್ಲ ಯಾರಾದರೊಬ್ಬರು ತಿಂಡಿ ತಂದು ಮುಂದಿಡುತ್ತಾರೆ. ಘೋಷಣೆ ಕೂಗಲು ಬಾಯಿ ತೆರೆದರೆ ಅದರೊಳಗೆ ಏನಾದರೂ ಬೀಳುತ್ತದೆ. ಬಿದ್ದ ಮೇಲೆ ಜಗಳ ಯಾವ ಕಡೆ ಹೋಯಿತು, ನಾನು ಯಾರ ಕಡೆ ಇದ್ದೆ, ಒಂದೂ ತಿಳಿಯುವುದಿಲ್ಲ. ಒಂದು ವರ್ಷದ ದಸರೆಯಲ್ಲಂತೂ ಗೆದ್ದೆನೋ ಸೋತೆನೋ ಎಂಬುದೇ ನನಗೆ ಬಹಳ ದಿನ ಗೊತ್ತಾಗಲಿಲ್ಲ.

ಆಗ ನಾನು ಮುಂಬೈ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಒಂದು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಹಮಾಲ. ಹಮಾಲರ ಮುಂದಾಳು ಕೂಡ. ಯಾರೂ ಆರಿಸಿದ್ದಲ್ಲ, ಗಂಟಲು ದೊಡ್ಡದಿತ್ತು, ಅಷ್ಟೆ. ಶಾಲೆ ನಾಲ್ಕನೇ ಇಯತ್ತೆಗೇ ಮುಗಿದಿತ್ತು. ಉಳಿದದ್ದನ್ನು ವಡಾಪಾವ್ ಸುತ್ತಿದ ಪೇಪರಿನಿಂದ ಮತ್ತು ಗೋಡೆಬರಹಗಳಿಂದ ಕಲಿತಿದ್ದೆ.

ನಮ್ಮ ಬೇಡಿಕೆ ಒಂದೇ. ಊಟದ ಹೊತ್ತಿಗೆ ಕ್ಯಾಂಟೀನಿನ ಒಳಗೆ ಕೂರಲು ಜಾಗ ಬೇಕು. ಒಳಗೆ ಹತ್ತು ಬೆಂಚು, ಫ್ಯಾನು, ತಣ್ಣೀರಿನ ಮಷಿನ್. ಅಲ್ಲಿ ಆಫೀಸಿನವರು ಕೂರುತ್ತಿದ್ದರು, ಪರ್ಮನೆಂಟ್ ಕಾರ್ಮಿಕರು ಕೂರುತ್ತಿದ್ದರು. ನಾವು ಕಾಂಟ್ರಾಕ್ಟಿನವರು, ಆದ್ದರಿಂದ ಗೇಟಿನ ಹೊರಗೆ, ಗಟಾರದ ಪಕ್ಕ. ಲಾರಿ ಹೋದರೆ ರೊಟ್ಟಿಗೆ ಧೂಳು. ಮಳೆ ಬಂದರೆ ಮಾತ್ರ ಅನುಕೂಲ, ಬೇಳೆಸಾರು ತಾನಾಗಿ ಹೆಚ್ಚುತ್ತಿತ್ತು. ಪರ್ಮನೆಂಟಿನವರ ಮುಖಂಡ ಒಬ್ಬ ಮರಾಠಿ ಕಾಕಾ. ಒಳಗೆ ಇಣುಕಿದರೆ ಸಾಕು, "ಜಾಗಾ ನಾಹೀ" ಅನ್ನುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವನು ನಮಗೆ ಹೇಳಿದ ಮಾತು ಅದೊಂದೇ.

೧. ಪುಡಿಯಾಗದ ಲಾಡು

ಕಾರ್ಖಾನೆಗೆ ಹೊಸ ಎಚ್.ಆರ್. ಸಾಹೇಬ ಬಂದ. ಬೆಂಗಳೂರಿನವನು. ಕನ್ನಡದವನಲ್ಲವೇ, ಬೈಯಲು ಸುಲಭವಾಯಿತು ಅಂತ ಖುಷಿಯಿಂದ ಅವನ ಕ್ಯಾಬಿನ್ನಿಗೆ ನುಗ್ಗಿದೆ. ಮೇಜು ಗುದ್ದಲು ಕೈ ಎತ್ತಿದ್ದೆ, ಅಷ್ಟರಲ್ಲಿ ಅವನು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿ, "ಸಾರ್, ಫೈಟ್ ಯಾಕೆ? ಒಂದು ಪಜಲ್ ಕೇಳಿ" ಅಂದ.

"ಮೂವರು ಇದಾರೆ. ಹಿರಿಯ, ನಡುವಿನವನು, ಕಿರಿಯ. ಹತ್ತು ಲಾಡು. ಹೇಗೆ ಹಂಚೋದು ಅಂತ ಹಿರಿಯ ಹೇಳ್ತಾನೆ. ಮೂವರೂ ವೋಟು ಹಾಕ್ತಾರೆ, ಹಿರಿಯನೂ ಸೇರಿ. ಅರ್ಧದಷ್ಟು ವೋಟು ಬಂದ್ರೂ ಪಾಸ್. ಬರದಿದ್ರೆ ಹಿರಿಯ ಆಟದಿಂದ ಔಟ್. ಆಮೇಲೆ ಉಳಿದ ಇಬ್ಬರಲ್ಲಿ ನಡುವಿನವನು ಹಂಚ್ತಾನೆ. ಎಲ್ಲರೂ ಬುದ್ಧಿವಂತರು, ಎಲ್ಲರಿಗೂ ಆಸೆ. ಹಿರಿಯ ಹೇಗೆ ಹಂಚಬೇಕು?"

"ಸಮ ಸಮ ಹಂಚಲಿ."

"ಹತ್ತು ಲಾಡು ಮೂವರಿಗೆ ಸಮ ಬರಲ್ಲ."

"ಉಳಿದ ಒಂದನ್ನ ಪುಡಿ ಮಾಡಲಿ."

"ಪುಡಿ ಮಾಡೋ ಹಾಗಿಲ್ಲ ಸಾರ್."

"ಪುಡಿಯಾಗದಿದ್ರೆ ಅದು ಲಾಡಲ್ಲ, ಸಿಮೆಂಟು. ಯಾವ ಅಂಗಡಿಯದು?"

ಸಾಹೇಬ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಆಮೇಲೆ ಉತ್ತರವನ್ನು ತಾನೇ ಹೇಳಿದ. ಹಿರಿಯನಿಗೆ ಒಂಬತ್ತು, ನಡುವಿನವನಿಗೆ ಸೊನ್ನೆ, ಕಿರಿಯನಿಗೆ ಒಂದು. ಯಾಕೆಂದರೆ ಹಿರಿಯ ಔಟಾದರೆ ಉಳಿಯುವವರು ಇಬ್ಬರು. ಆಗ ನಡುವಿನವನ ಸ್ವಂತ ವೋಟೇ ಅರ್ಧವಾಯಿತು, ಹತ್ತೂ ಅವನೇ ನುಂಗುತ್ತಾನೆ. ಇದು ಕಿರಿಯನಿಗೆ ಗೊತ್ತು. ಸೊನ್ನೆಗಿಂತ ಒಂದು ವಾಸಿ ಅಂತ ಅವನು ಹಿರಿಯನಿಗೇ ಕೈ ಎತ್ತುತ್ತಾನೆ.

"ಇದನ್ನ ದಸರೆ ದಿನ ಕ್ಯಾಂಟೀನಲ್ಲಿ ಆಡೋಣ" ಅಂದ ಸಾಹೇಬ. "ಹತ್ತು ಬೆಂಚಿನ ಮೇಲೆ ಹತ್ತು ಲಾಡು ಡಬ್ಬಿ. ಡಬ್ಬಿ ಯಾರಿಗೋ ಬೆಂಚೂ ಅವರಿಗೇ. ಆಫೀಸು ಹಿರಿಯ, ಪರ್ಮನೆಂಟಿನವರು ನಡು, ನೀವು ಕಿರಿಯ. ಗುಂಪಿಗೊಂದು ವೋಟು. ರಿಸಲ್ಟ್ ಏನೇ ಬರಲಿ, ನಾನು ಒಪ್ತೀನಿ."

ತಲೆ ಗಿರ್ರ್ ಅನ್ನುತ್ತಾ ಹೊರಗೆ ಬಂದೆ. ಗೇಟಿನ ತನಕ ಹೋದ ಮೇಲೆ ನೆನಪಾಯಿತು, ಮೇಜು ಗುದ್ದಿಯೇ ಇಲ್ಲ. ವಾಪಸು ಹೋಗಿ ಗುದ್ದಿದೆ. ಸಾಹೇಬ ಪ್ರೀತಿಯಿಂದ, "ಅರ್ಥ ಆಗ್ಲಿಲ್ವಾ? ಇನ್ನೊಂದ್ಸಲ ಹೇಳ್ಲಾ?" ಅಂದ.

೨. ಒಗಟಿನಲ್ಲಿ ಇಲ್ಲದ ಮನುಷ್ಯ

ನನ್ನ ಮನೆ ಕಲ್ಯಾಣದಲ್ಲಿ. ಲೋಕಲ್ ರೈಲು ಅಲ್ಲಿಂದಲೇ ಹೊರಡುವುದರಿಂದ ಬೆಳಿಗ್ಗೆ ಬೇಗ ಹೋದರೆ ಕೂರಲು ಸಿಗುತ್ತದೆ. ಮರುದಿನ ನಾನು ಮತ್ತು ದಿನಾ ಜತೆಗಿರುವ ಇಬ್ಬರು ಒಂದೇ ಸೀಟಿನಲ್ಲಿದ್ದೆವು. ಒಬ್ಬ ಬ್ಯಾಂಕಿನ ಮೈಸೂರಿನವನು, ಇನ್ನೊಬ್ಬ ಮರಾಠಿ ಮಾಸ್ತರ. ಒಗಟು ಹೇಳಿದೆ. ಮಾಸ್ತರ ತನ್ನ ಚಕ್ಕುಲಿ ಡಬ್ಬಿ ತೆಗೆದು, ಲಾಡು ಇಲ್ಲ, ಇದರಲ್ಲೇ ಮಾಡಿ ನೋಡೋಣ ಅಂದ.

"ನಾನೇ ಹಿರಿಯ" ಅಂದ ಮೈಸೂರಿನವನು, "ನನಗೆ ಒಂಬತ್ತು."

"ಚಕ್ಕುಲಿ ಮಾಝೀ!" ಅಂದ ಮಾಸ್ತರ. "ಮನೆಯಿಂದ ತಂದವನಿಗೆ ಸೊನ್ನೆ, ಕಿಟಕಿ ಪಕ್ಕ ಕೂತವನಿಗೆ ಒಂಬತ್ತು? ಹೇ ಕಸಲಂ, ಇದೆಂಥ ಗಣಿತ?"

"ಅದು ಲಾಜಿಕ್ಕು ಸಾರ್!"

"ಲಾಜಿಕ್ ನಿನ್ನ ಹೆಂಡತಿ ಕರಿದಳಾ?"

ಡೊಂಬಿವಲಿ ಬಂತು. ಜನ ನುಗ್ಗಿದರು. ದಪ್ಪ ಮನುಷ್ಯನೊಬ್ಬ "ಥೋಡಾ ಸರಕೋ" ಅಂದ. ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಅಂಚು ಬಿಡುವುದು ನಮ್ಮ ಲೋಕಲಿನ ಪದ್ಧತಿ. ಯಾರೂ ವೋಟು ಕೇಳುವುದಿಲ್ಲ. ನಾವು ಜಗಳ ನಿಲ್ಲಿಸದೆಯೇ ಸರಿದೆವು. ಮಾಸ್ತರ ಡಬ್ಬಿಯನ್ನು ಜೋಪಾನ ಮಾಡಲು ಹೋಗಿ ಅವನ ಕಡೆಗೇ ಹಿಡಿದಿದ್ದ. ಜಗಳ ಮುಂಬ್ರಾ ದಾಟಿತು, ಕಳವಾ ದಾಟಿತು. ಕೊನೆಗೆ ಮೂವರೂ ಡಬ್ಬಿಗೆ ಕೈ ಹಾಕಿದರೆ ತಳದಲ್ಲಿ ಎಳ್ಳು ಮಾತ್ರ.

ದಪ್ಪನೆಯವನು ಬಾಯಿ ಒರೆಸಿಕೊಂಡು ಎದ್ದ. "ಖಾರ ಸ್ವಲ್ಪ ಕಮ್ಮಿ" ಅಂತ ಒಳ್ಳೆಯ ಕನ್ನಡದಲ್ಲಿ ಹೇಳಿ ಠಾಣೆಯಲ್ಲಿ ಇಳಿದುಹೋದ. ನಾನೂ ಅಲ್ಲೇ ಇಳಿಯಬೇಕಿತ್ತು. ಇವನು ಒಗಟಿನಲ್ಲಿ ಯಾವ ನಂಬರಿನವನು ಅಂತ ಯೋಚಿಸುತ್ತಾ ಮುಂದಿನ ಸ್ಟೇಷನ್ ಮುಲುಂಡಿನಲ್ಲಿ ಇಳಿದೆ.

೩. ಮನೆಯಲ್ಲಿ ಮತದಾನ

ಹೊರಗಿನವರನ್ನು ನಂಬಿ ಪ್ರಯೋಜನವಿಲ್ಲ ಅಂತ ಮನೆಯಲ್ಲೇ ಪರೀಕ್ಷೆ ಮಾಡಿದೆ. ಹೆಂಡತಿ ವಿಜಯಪುರದ ಕಡೆಯವಳು, ಶೇಂಗಾ ಉಂಡಿ ಕಟ್ಟಿದ್ದಳು. ಹತ್ತು ಉಂಡಿ ತಟ್ಟೆಯಲ್ಲಿಟ್ಟು, ನಾನು ಹಿರಿಯ, ಹೆಂಡತಿ ನಡು, ಮಗಳು ಕಿರಿಯ ಅಂತ ನಿಯಮ ಹೇಳಿದೆ.

"ನನಗೆ ಒಂಬತ್ತು" ಅಂದೆ. "ಮಗಳಿಗೆ ಒಂದು. ನಿನಗೆ ಸೊನ್ನೆ."

ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಏನಂದ್ರಿ? ಶೇಂಗಾ ಹುರದಾಕಿ ನಾನು, ಕುಟ್ಟಿದಾಕಿ ನಾನು, ಕಟ್ಟಿದಾಕಿ ನಾನು. ನನಗ ಸೊನ್ನಿ?"

"ಲೆಕ್ಕ ಹಾಗೇ ಬರುತ್ತೆ. ಮಗಳು ನನಗೇ ಕೈ ಎತ್ತುತ್ತಾಳೆ, ನೋಡು."

ಮಗಳು ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಕೈ ಎತ್ತಲಿಲ್ಲ. "ನಹೀಂ ಪಪ್ಪಾ. ಆಪ್ ಔಟ್ ಹೋ ಜಾವೋ. ಮಮ್ಮಿ ಮುಝೆ ಪಾಂಚ್ ದೇಗೀ."

"ಕೊಡಲ್ಲ! ಹತ್ತೂ ಅವಳೇ ತಿಂತಾಳೆ! ಲೆಕ್ಕದ ಪ್ರಕಾರ..."

"ಮಮ್ಮಿ ಹೈ ವೋ" ಅಂದಳು ಮಗಳು, ನನಗೆ ಕಿವಿ ಕೇಳಿಸುವುದಿಲ್ಲ ಎಂಬಂತೆ ನಿಧಾನವಾಗಿ.

"ಔಟ್ ಅಂದ್ರ ಔಟ್" ಅಂತ ಹೆಂಡತಿ ಬಾಗಿಲು ತೋರಿಸಿದಳು. ನಿಯಮ ನಾನೇ ಹೇಳಿದ್ದು, ಏನು ಮಾಡಲಿ? ವರಾಂಡದಲ್ಲಿ ನಿಂತೆ. ಪಕ್ಕದ ಮನೆಯ ಮಂಗಳೂರಿನ ಶೆಟ್ಟರು ಬಾಗಿಲು ತೆರೆದು, "ಎಂತ ಮಾರಾಯ್ರೆ, ಹೊರಗೆ ನಿಂತದ್ದು?" ಅಂದರು. "ಚುನಾವಣೆಯಲ್ಲಿ ಸೋತೆ" ಅಂದೆ. ಅವರು ಬಹಳ ಗೌರವದಿಂದ, "ಯಾವ ವಾರ್ಡು?" ಅಂತ ಕೇಳಿದರು.

೪. ಬೇಲಾಪುರದ ಪೇಢೆ

ಕೂರುವ ಜಾಗವನ್ನು ಆಟಕ್ಕೆ ಇಡುವುದು ಯಾವ ಕಾನೂನು? ಸಿಟ್ಟು ನೆತ್ತಿಗೇರಿತು. ರಜೆ ಹಾಕಿ, ಲೋಕಲ್ ಬದಲಿಸಿ, ಬೇಲಾಪುರದ ಒಂದು ಸರ್ಕಾರಿ ಕಚೇರಿಗೆ ದೂರು ಕೊಡಲು ಹೋದೆ. ಅಲ್ಲಿನ ಗುಮಾಸ್ತರ ಮಗಳು ಪಾಸಾಗಿದ್ದಳಂತೆ, ಪೇಢೆ ಹಂಚುತ್ತಿದ್ದರು.

"ತಗೊಳ್ಳಲ್ಲ" ಅಂತ ಗುಡುಗಿದೆ ನನ್ನ ಹಿಂದಿಯಲ್ಲಿ. "ನಾನು ಹೋರಾಟಗಾರ. ಇದು ಲಂಚ!"

ಅವರಿಗೆ ಏನೂ ತಿಳಿಯಲಿಲ್ಲ. "ಅಹೋ, ಕೊಡ್ತಿರೋನು ನಾನು. ನಿಮ್ಮಿಂದ ನನಗೇನು ಕೆಲಸ ಆಗಬೇಕು?"

ಯೋಚಿಸಿದೆ. ನನ್ನಿಂದ ಯಾರಿಗೂ ಏನೂ ಕೆಲಸ ಆಗುವಂತಿರಲಿಲ್ಲ. ನಾಚಿಕೆಯಾಗಿ ಪೇಢೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಅದು ಅಂಗುಳಿಗೆ ಅಂಟಿತು.

"ಆತಾ ಬೋಲಾ, ಕಾಯ್ ತಕ್ರಾರ್?" ಅಂದರು ಅವರು.

"ಮ್ಂ, ಮ್ಂಮ್ಂ" ಅಂದೆ.

"ಬಹಳ ನೊಂದಿದಾನೆ, ಪಾಪ" ಅಂತ ಅವರು ಇನ್ನೊಂದು ಕೊಟ್ಟರು. ಅದನ್ನೂ ನುಂಗಿ ಮುಗಿಸುವಷ್ಟರಲ್ಲಿ ಅವರು ಊಟಕ್ಕೆ ಎದ್ದಿದ್ದರು. ಕಚೇರಿ ಕಚೇರಿಯ ಮುಂದೆ ಕೂಗಿದ ಬಾಯಿ ನನ್ನದು, ಲಾಠಿ ತೋರಿಸಿದರೂ ಮುಚ್ಚಿದ್ದಲ್ಲ. ಅದನ್ನು ಮುಚ್ಚಿಸಲು ಹಾಲು, ಸಕ್ಕರೆ, ಸ್ವಲ್ಪ ಏಲಕ್ಕಿ ಸಾಕಾಯಿತು.

೫. ಸರಕಾ

ದಸರೆ ಬಂತು. ಮಷಿನ್‌ಗಳಿಗೆಲ್ಲ ಝೆಂಡು ಹೂವಿನ ಮಾಲೆ. ಹಮಾಲರು ಮೊದಲ ಸಲ ಕ್ಯಾಂಟೀನಿನ ಒಳಗೆ ಬಂದು ಗೋಡೆಗೆ ಅಂಟಿ ನಿಂತರು. ಕಲಬುರಗಿಯವರು, ಬಿಹಾರದವರು, ಎಲ್ಲರ ಕಣ್ಣೂ ಫ್ಯಾನಿನ ಮೇಲೆ.

ಅವರಿಗೆ ನಾನು ಮೊದಲೇ ಹೇಳಿದ್ದು ಇಷ್ಟೆ. ಕೊನೇ ಗಳಿಗೆಯಲ್ಲಿ ನಾನು ಏನು ಕೂಗುತ್ತೇನೋ ಹಾಗೆ ಮಾಡಿ. ಏನು ಕೂಗಬೇಕು ಅಂತ ನನಗೇ ತಿಳಿದಿರಲಿಲ್ಲ.

ಸಾಹೇಬ ಎದ್ದು, ಒಗಟಿನಲ್ಲಿದ್ದ ಹಾಗೇ, ನಗುನಗುತ್ತಾ ಓದಿದ. "ಆಫೀಸಿಗೆ ಒಂಬತ್ತು ಬೆಂಚು. ಪರ್ಮನೆಂಟ್‌ಗೆ ಸೊನ್ನೆ. ಹಮಾಲರಿಗೆ ಒಂದು."

ಕಾಕಾನ ಮುಖ ಕೆಂಪಾಯಿತು. ಪರ್ಮನೆಂಟಿನವರು ಯಾರೂ ಕೈ ಎತ್ತಲಿಲ್ಲ. ಈಗ ಎಲ್ಲವೂ ನಮ್ಮ ಮೇಲೆ. ನಾವು ಕೈ ಎತ್ತಿದರೆ ಒಂದು ಬೆಂಚು ಖಾತ್ರಿ. ಎತ್ತದಿದ್ದರೆ ಸಾಹೇಬ ಔಟ್, ಹಂಚುವವನು ಕಾಕಾ. ಕಾಕಾ ಅಂದರೆ "ಜಾಗಾ ನಾಹೀ". ಮತ್ತೆ ಗಟಾರ, ಮತ್ತೆ ಧೂಳು. ಒಂದು ಬೆಂಚಿಗೆ ಕೈ ಎತ್ತುವುದು ನಾಚಿಕೆಗೇಡು ಅಂತ ಹೊಟ್ಟೆ ಹೇಳಿತು. ಲೆಕ್ಕ ಮಾತ್ರ ಎತ್ತು ಎತ್ತು ಅಂತಿತ್ತು. ಮಗಳು "ಮಮ್ಮಿ ಹೈ ವೋ" ಅಂದದ್ದು ನೆನಪಾಯಿತು. ಆದರೆ ಕಾಕಾ ಯಾರ ಮಮ್ಮಿ?

ಸೋತೆ. ಲೆಕ್ಕದ ಮಾತು ಕೇಳಿದೆ. ಬಿಹಾರದವರಿಗೂ ತಿಳಿಯಲಿ ಅಂತ ಹಿಂದಿಯಲ್ಲೇ, ಮತ ಕೊಡಿ ಅಂತ ಗಂಟಲು ಹರಿಯುವಂತೆ ಕೂಗಿದೆ: "ಮತ್ ದೋ! ಭಾಯಿಯೋ, ಮತ್ ದೋ!"

ಒಂದು ಕೈಯೂ ಏಳಲಿಲ್ಲ. ಅರ್ಧ ಎತ್ತಿದ್ದವನು ಕೂಡ ಇಳಿಸಿ, ಕಂಕುಳಲ್ಲಿ ಬಚ್ಚಿಟ್ಟುಕೊಂಡ. ಇನ್ನೂ ಜೋರಾಗಿ ಕೂಗಿದೆ. ಇನ್ನೂ ಬಿಗಿಯಾಗಿ ಕೈ ಕಟ್ಟಿಕೊಂಡರು. ಸಾಹೇಬ ಔಟಾದ.

ಕಾಕಾ ಎದ್ದ. ಹತ್ತೂ ಬೆಂಚು ಅವನ ಕೈಯಲ್ಲಿ. ನಮ್ಮನ್ನು ಒಂದು ಸುತ್ತು ನೋಡಿದ. "ಸಾಹೇಬ ನಮಗೆ ಸೊನ್ನೆ ಕೊಟ್ಟ" ಅಂದ ಮುರುಕು ಹಿಂದಿಯಲ್ಲಿ. "ಇವರಿಗೆ ಬೆಂಚು ಸಿಗ್ತಿತ್ತು. ಆದರೂ ನಮ್ಮ ವಿರುದ್ಧ ಕೈ ಎತ್ತಲಿಲ್ಲ." ಆಮೇಲೆ ತನ್ನವರ ಕಡೆ ತಿರುಗಿ, ಏನು ನೋಡ್ತೀರಿ ಅಂತ ಲೋಕಲಿನಲ್ಲಿ ಗದರುವ ಹಾಗೆ ಗದರಿದ: "ಬಘತಾಯ್ ಕಾಯ್? ಸರಕಾ!"

ಅವರು ಸರಿದರು. ಹತ್ತೂ ಬೆಂಚಿನಲ್ಲಿ ಸರಿದರು. ನಮ್ಮವರು ಅಂಚು ಅಂಚಿನಲ್ಲಿ ಕೂತರು. ಲಾಡು ಡಬ್ಬಿಗಳು ಕೈಯಿಂದ ಕೈಗೆ ಹೋದವು, ಯಾರೂ ಎಣಿಸಲಿಲ್ಲ. ಲಾಡು ಪುಡಿಯೂ ಆಯಿತು. ಅದನ್ನು ನಾನು ಸಾಹೇಬನಿಗೆ ಮುದ್ದಾಂ ತೋರಿಸಿದೆ.

ಕಲಬುರಗಿಯ ಹಮಾಲನೊಬ್ಬನನ್ನು ಮೂಲೆಗೆ ಎಳೆದೆ. "ಯಾಕ್ರೋ ನನ್ನ ಮಾತು ಕೇಳಲಿಲ್ಲ?"

"ಕೇಳೀವಲ್ಲಣ್ಣಾ! ನೀವು ಒದರಿದಂಗೇ ಮಾಡೀವಿ!" ಅಂತ ಅವನು ನನ್ನ ಕಾಲು ಮುಟ್ಟಿದ. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಯಾರೋ ಮಷಿನ್‌ನ ಮೇಲಿದ್ದ ಹೂಮಾಲೆ ತಂದು ಕೊರಳಿಗೆ ಹಾಕಿದರು. ಮಾಲೆ ಬಿದ್ದ ಮೇಲೆ ಪ್ರಶ್ನೆ ಕೇಳುವುದು ಸರಿಯಲ್ಲ ಅಂತ ಸುಮ್ಮನಾದೆ.

೬. ಎಂಥಾ ಮನುಷ್ಯ

ಆ ಹೂಮಾಲೆಯ ಉಬ್ಬಿನಲ್ಲೇ ಕ್ಯಾಂಟೀನ್ ಕಮಿಟಿಯ ಚುನಾವಣೆಗೆ ನಿಂತೆ. ಚೀಟಿ ಹಾಕುವ ಚುನಾವಣೆ. ಇಡೀ ಕಾರ್ಖಾನೆ ನನ್ನ ಹಿಂದಿದೆ, ಸೋಲುವ ಮಾತೇ ಇಲ್ಲ. ಆದರೂ ಸೊಕ್ಕು ಅನ್ನಬಾರದು ಅಂತ ಬೆಂಚು ಬೆಂಚಿಗೆ ಹೋಗಿ ಕೈ ಮುಗಿದೆ. "ಭಾಯಿಯೋ, ಮುಝೆ ಮತ್ ದೋ. ಹಾಥ್ ಜೋಡ್ತಾ ಹೂಂ, ಮುಝೀಚ್ ಮತ್ ದೋ."

ಜನ ಕರಗಿಹೋದರು. ಬಿಹಾರದ ಮುದುಕನೊಬ್ಬ ಕಣ್ಣೊರೆಸಿಕೊಂಡು, "ಕ್ಯಾ ಆದ್ಮೀ ಹೈ!" ಅಂದ. ಕಾಕಾ ಎದ್ದು ನಿಂತು ಅಪ್ಪಿಕೊಂಡ. "ಇಷ್ಟು ದೊಡ್ಡ ಕೆಲಸ ಮಾಡಿಯೂ ಕುರ್ಚಿ ಬೇಡ ಅಂತಾನೆ" ಅಂತ ಏನೋ ಮರಾಠಿಯಲ್ಲಿ ಹೇಳಿದ. ಬೇಡ ಅಂದವರು ಯಾರು ಅಂತ ನಾನು ಹಿಂದೆ ತಿರುಗಿ ನೋಡಿದೆ.

ಚೀಟಿ ಎಣಿಸಿದರು. ನನಗೆ ಬಿದ್ದದ್ದು ಒಂದೇ ಮತ.

ಮನೆಗೆ ಬಂದು ಎಲ್ಲರೂ ಮೋಸಗಾರರು ಅಂತ ಕೂಗಾಡಿದೆ. ಏನು ಭಾಷಣ ಮಾಡಿದಿರಿ ಅಂತ ಮಗಳು ಕೇಳಿದಳು. ಮಾಡಿ ತೋರಿಸಿದೆ. ಅವಳು ನೆಲಕ್ಕೆ ಬಿದ್ದು ನಕ್ಕಳು, ನನಗೆ ತಿಳಿಯಲಿ ಅಂತ ಅಪರೂಪಕ್ಕೆ ಕನ್ನಡ ಬೆರೆಸಿದಳು. "ಪಪ್ಪಾ! ಮತ್ ದೋ ಮತ್ಲಬ್ ಕೊಡಬೇಡಿ! ನನಗೆ ವೋಟ್ ಕೊಡಲೇಬೇಡಿ ಅಂತ ಕೈ ಮುಗಿದು ಬಂದಿದೀರಾ!"

ನಿಂತಲ್ಲೇ ಕೂತೆ. "ಗಡ್‌ಬಡ್ ಮತ್ ಕರೋ" ಅಂತ ದಿನಾ ಹಮಾಲರನ್ನು ಗದರುವವನೇ ನಾನು. ಆದರೆ ಭಾಷಣಕ್ಕೆ ನಿಂತರೆ ನನ್ನ ತಲೆಯಲ್ಲಿ ಮತ ಅಂದರೆ ಮತವೇ. ಹಾಗಾದರೆ ದಸರೆಯ ದಿನ ನಾನು ಕೂಗಿದ್ದು... ಕೈಗಳು ಕಂಕುಳಿಗೆ ಹೋದದ್ದು...

"ಅಡ್ಡಿಯಿಲ್ಲ ಬಿಡ್ರಿ" ಅಂದಳು ಹೆಂಡತಿ, ಶೇಂಗಾ ಉಂಡಿಯ ತಟ್ಟೆ ಮುಂದಿಡುತ್ತಾ. "ನಿಮ್ಮ ಹಿಂದಿಯಿಂದ ಅಷ್ಟು ಮಂದಿಗೆ ಕೂಡ್ಲಿಕ್ಕೆ ಜಾಗ ಆತು. ಅದಿರಲಿ, ನೀವು ಅಷ್ಟು ಬ್ಯಾಡ ಬ್ಯಾಡ ಅಂದ್ರೂ ಕೇಳದ ಆ ಒಂದು ಮತ ಹಾಕಿದಾಂವ ಯಾಂವ?"

"ನಾನೇ" ಅಂದೆ. "ನಾನು ಕನ್ನಡದಲ್ಲಿ ಹಾಕಿದೆ."