ಮಾವನ ಕೊನೆಯ ಅಲಗು

"ಇವತ್ತು ಸಂಜೆಯೊಳಗೆ ಮಾವನ ಕೈಗೆ ಚಾಕು ಕೊಡದಿದ್ರೆ ನಾನು ಈ ಮನೆ ಅಳಿಯನೇ ಅಲ್ಲ!" ಎಂದು ಅಳಿಯ ಎದೆ ತಟ್ಟಿಕೊಂಡ.

"ನೀವು ಅಳಿಯ ಆಗಿರೋದು ನನ್ನ ಕರ್ಮ, ಅದು ತಪ್ಪೋದಿಲ್ಲ ಬಿಡಿ. ಅಲಗು ಮಾತ್ರ ಕೆಡಿಸ್ಬೇಡಿ," ಎಂದಳು ಹೆಂಡತಿ.

ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಒಳಕೋಣೆಯಲ್ಲಿ ಮಲಗಿದ್ದ ಅವಳಪ್ಪ ಇನ್ನು ಏಳುವುದಿಲ್ಲವೆಂದು ಡಾಕ್ಟರು ಹೇಳಿ ಹೋಗಿದ್ದರು. ಜೀವಮಾನವಿಡೀ ಚಾಕು ಮಾಡಿದ ಮನುಷ್ಯ. ಹಾಸಿಗೆ ಹಿಡಿಯುವ ಮುಂಚೆ ಬಡಿದ ಕೊನೆಯ ಅಲಗು ಹಿತ್ತಲ ಕುಲುಮೆಯಲ್ಲಿ ಇನ್ನೂ ಮೆತ್ತಗೇ ಬಿದ್ದಿತ್ತು. ಅದನ್ನು ಕಾಯಿಸಿ, ಎಣ್ಣೆಯಲ್ಲದ್ದಿ ಗಟ್ಟಿ ಮಾಡಬೇಕು, ಸಾಣೆ ಹಿಡಿಯಬೇಕು. "ಕೈ ನಡುಗೋಕೆ ಶುರುವಾದ್ಮೇಲೆ ಬಡಿದದ್ದು. ಸರಿ ಬಂದಿದೆಯೋ ಇಲ್ವೋ, ನೋಡಿ ಹೋಗ್ಬೇಕು" ಎಂಬುದೊಂದೇ ಮುದುಕನ ಆಸೆ.

ಬೆಂಕಿಗೆ ಮುಂಚೆ ಅಂಚು ದಪ್ಪ ಇರಲಿ, ತೆಳ್ಳಗೆ ಮಾಡುವುದು ಆಮೇಲೆ, ನೀರಲ್ಲಿ ಅದ್ದಿ ಅದ್ದಿ, ತಾಳ್ಮೆಯಿಂದ. ಇದು ಮಾವನ ಪಾಠ. ಇಷ್ಟು ವರ್ಷ ಚಾಕುಗಳಿಗೆ ಬರೀ ಹಿಡಿ ಕೂರಿಸಿಕೊಂಡಿದ್ದ ಅಳಿಯನಿಗೆ ತಾಳ್ಮೆಯೊಂದು ಬಿಟ್ಟು ಮಿಕ್ಕೆಲ್ಲ ಇತ್ತು! ಗಟ್ಟಿಯಾದ ಮೇಲೆ ಬೆವರು ಸುರಿಸುವ ಬದಲು ಮೆತ್ತಗಿರುವಾಗಲೇ ಉಜ್ಜಿ ಮುಗಿಸಿದರೆ? ಆಹಾ, ಏನು ತಲೆ! ಸಾಣೆಚಕ್ರ ಗಿರ್ರೆಂದಿತು. ಅಂಚು ಕಾಗದದಷ್ಟು ತೆಳುವಾಯಿತು. ಮೀಸೆ ತಿರುವಿ, ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಗಿಳಿಸಿದ.

ಟಿಣ್!

ತೆಗೆದು ನೋಡಿದರೆ, ತೆಳು ಅಂಚು ಎಣ್ಣೆಯ ಹೊಡೆತ ತಾಳದೆ ಅಲಗು ಸೊಟ್ಟಗಾಗಿ, ಅಂಚಿನಿಂದ ಬಿರುಕು ಬಿಟ್ಟಿತ್ತು. ನೆಟ್ಟಗೆ ಮಾಡೋಣವೆಂದು ಸುತ್ತಿಗೆಯಿಂದ ಒಂದೇ ಒಂದು ಏಟು ಕೊಟ್ಟ. ಈಗ ಎರಡು ತುಂಡು!

ಸದ್ದು ಒಳಗೂ ಕೇಳಿತ್ತು. "ಏನಾಯ್ತು?" ಎಂದ ಮುದುಕ.

"ಅದು... ಉಕ್ಕಲ್ಲೇ ಏನೋ ದೋಷ ಇತ್ತು, ಮಾವ."

ಮುದುಕ ತನ್ನ ಎರಡೂ ಅಂಗೈ ನೋಡಿಕೊಂಡು ಗೋಡೆಯ ಕಡೆ ಹೊರಳಿದ. ಮಗಳು ತಂದ ಹಾಲನ್ನೂ ಬೇಡವೆಂದ.

ಹೆಂಡತಿ ಬಾಗಿಲಾಚೆ ಗಂಡನ ಅಂಗಿ ಹಿಡಿದಳು. "ಮೊದಲೇ ತೆಳ್ಳಗೆ ಉಜ್ಜಿದ್ರಿ ಅಲ್ವಾ?"

"ಹೂಂ. ಹೇಳಿದ್ರೆ ಮಾವ ನೊಂದ್ಕೋತಾರೆ ಅಂತ..."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ತನ್ನ ಕೈಯೇ ಕೆಟ್ಟಿತು ಅಂದ್ಕೊಂಡು ಅಪ್ಪ ಸಾಯ್ತಿದಾರೆ. ಹೋಗಿ, ನಿಜ ಹೇಳಿ!"

ಅಳಿಯ ಮಂಚದ ಬಳಿ ಕೈಕಟ್ಟಿ ನಿಂತು ಎಲ್ಲ ಒದರಿಬಿಟ್ಟ. ಮುದುಕ ನಿಧಾನಕ್ಕೆ ಇತ್ತ ಹೊರಳಿದ.

"ಬೆಂಕಿಗೆ ಮುಂಚೇನಾ? ಕಾಗದದ ಹಾಗಾ?"

"ಹೌದು, ಮಾವ."

ತುಂಡನ್ನು ತರಿಸಿಕೊಂಡು, ಮುರಿದ ಕಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆಲ್ಲ ನುಣ್ಣಗೆ, ಒಂದೇ ಸಮನಾಗಿತ್ತು; ತನ್ನ ಬಡಿತ ಕೆಟ್ಟಿರಲಿಲ್ಲ. ಎಷ್ಟೋ ದಿನದ ಮೇಲೆ ಅವನ ಮುಖ ಅರಳಿತು. "ಮಗಳೇ, ಆ ಹಾಲು ತಾ!"

ಆಮೇಲೆ ನೋಡಲು ಬಂದವರಿಗೆಲ್ಲ ಆ ತುಂಡು ತೋರಿಸಿ ಅಳಿಯನ ಘನಕಾರ್ಯ ಬಣ್ಣಿಸಿದ್ದೇ ಬಣ್ಣಿಸಿದ್ದು. ಅಳಿಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು, ಕೇಳಿದಾಗಲೆಲ್ಲ ಹೌದೆನ್ನುತ್ತಿದ್ದ. ಒಂದು ಬೆಳಗ್ಗೆ ಮುದುಕನ ಮಾತು ತೊದಲಿತು. ಮಗಳು ಅಳುತ್ತಾ ಕಿವಿಯನ್ನು ಅಪ್ಪನ ಬಾಯಿಯ ಹತ್ತಿರ ತಂದಳು. ಕಣ್ಣು ಮುಚ್ಚುವ ಮುನ್ನ ಅವನು ನೆಮ್ಮದಿಯಿಂದ ಹೇಳಿದ:

"ಉಕ್ಕು ಚೆನ್ನಾಗೇ ಇತ್ತಮ್ಮ. ಅಳಿಯನೇ ಸರಿಯಿಲ್ಲ."