ಅಗಳಿ ಮಾಸ್ತರರ ದ್ವಾರರಕ್ಷಣ ಪರ್ವ

ಎಲೌ ವಾಗ್ದೇವಿಯೇ, ಸಹಸ್ರಶ್ರೋತೃಕರ್ಣವಿದಾರಕವಾದ ಧ್ವನಿವರ್ಧಕದಲ್ಲಿ ನೆಲೆಸಿದವಳೇ, ಶಾಲು ಹಾರ ಫಲಪುಷ್ಪಗಳಿಂದ ಅರ್ಚಿತಳಾದವಳೇ, ಒಂದು ಗಳಿಗೆ ಈ ಬಡ ಕಥಕನ ನಾಲಗೆಯ ಮೇಲೆ ಬಂದು ಕೂಡು. ಬಹಳ ಹೊತ್ತು ಕೂಡಬೇಡ, ಏಕೆಂದರೆ ನೀನು ಒಬ್ಬರ ನಾಲಗೆಯ ಮೇಲೆ ಬಹಳ ಹೊತ್ತು ಕೂತದ್ದರಿಂದಲೇ ಈ ಕಥೆಯ ಅನಾಹುತವೆಲ್ಲ ಹುಟ್ಟಿತು. ಕಲಿಯುಗದ ಪ್ರಥಮ ಪಾದದಲ್ಲಿ, ಎರೆಸೀಮೆಯ ಬಿರುಬಿಸಿಲ ನಡುವೆ, ಗೊರವನಗಡವೆಂಬ ಕೋಟೆಯೂರಿನಲ್ಲಿ, ನಿವೃತ್ತಪ್ರಾಥಮಿಕಶಾಲಾಮುಖ್ಯೋಪಾಧ್ಯಾಯರೂ, ಇತಿಹಾಸೋಜ್ಜೀವನಸಂಘಸಂಸ್ಥಾಪಕರೂ, ರಕ್ತದೊತ್ತಡಗುಳಿಗೆಭಕ್ಷಕರೂ (ಅರಿಸಮಾಸವೆಂದು ಪಂಡಿತರು ಹಲ್ಲು ಕಡಿಯಬಹುದು, ಕಡಿಯಲಿ) ಆದ ಸಂಗನಬಸಪ್ಪ ಅಗಳಿ ಮಾಸ್ತರರು ಹೇಗೆ ತಮ್ಮ ಕುಲದ ಕಳಂಕ ತೊಳೆಯಲು ಖಡ್ಗ ಹಿಡಿದರು, ಆ ಖಡ್ಗದ ತಗಡು ಎಲ್ಲಿ ಬಾಗಿತು, ಎಂಬುದನ್ನು ಹೇಳಿಸು ತಾಯಿ.

ಆ ಕಳಂಕವಾದರೂ ಯಾವುದು? ಈ ಸೀಮೆಯಲ್ಲಿ ಅಡ್ಡಹೆಸರು ಎಂಬುದು ಹುಟ್ಟಿದವನ ಹಣೆಗೆ ಬಡಿದ ಮೊಳೆ. ಬೆಲ್ಲ ಮಾರಿದವನ ಮರಿಮಗ ಡಾಕ್ಟರನಾದರೂ ಬೆಲ್ಲದನೇ. ಹಾಗೆ, ಎಂದೋ ಒಂದು ಕಾಲದಲ್ಲಿ, ದೇಸಾಯರ ಕೋಟೆಯನ್ನು ಹಳದಿ ನಿಶಾನೆಯ ದಂಡು ಮುತ್ತಿದಾಗ, ಹೆಬ್ಬಾಗಿಲ ಕಾವಲಿನವನು ಒಳಗಿನಿಂದ ಅಗಳಿ ಸರಿಸಿ ವೈರಿಗಳನ್ನು ಬಿಟ್ಟುಕೊಂಡನಂತೆ. ಏಕೆ ಬಿಟ್ಟುಕೊಂಡ, ಯಾರೂ ಕೇಳಲಿಲ್ಲ. ಅವನ ಮನೆತನಕ್ಕೆ ಅಗಳಿಯವರು ಎಂದು ಹೆಸರಿಟ್ಟು ಊರು ಕೈ ತೊಳೆದುಕೊಂಡಿತು. ಮಾಸ್ತರರ ಮದುವೆಯಲ್ಲಿ ಹೆಣ್ಣಿನ ಕಡೆಯ ಮುದುಕಿಯೊಬ್ಬಳು "ಅಗಳಿಯವ್ರಿಗೆ ಹೆಣ್ಣು ಕೊಡಾಕತ್ತೀರಿ, ತಿಜೂರಿ ಕೀಲಿ ನೀವ ಇಟ್ಕೊಳ್ರೆವ್ವಾ" ಎಂದಿದ್ದಳು. ಬಸ್ಸು ಹತ್ತಿದರೆ ಹಿಂದಿನಿಂದ ಯಾರಾದರೂ "ಅಗಳಿ ಮಾಸ್ತರ ಹತ್ಯಾರ, ಬಾಗ್ಲಾ ಗಟ್ಟಿ ಹಾಕ್ರಪಾ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಮಾಸ್ತರರೂ ನಗುತ್ತಿದ್ದರು, ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ.

ಆದ್ದರಿಂದಲೇ ಆ ಧೀರೋದಾತ್ತರು ಸಂಘವನ್ನು ಕಟ್ಟಿದರು. ವರ್ಷಕ್ಕೊಮ್ಮೆ ಕೋಟೆಯ ಮುಂದಿನ ಬಯಲಲ್ಲಿ ಉಪನ್ಯಾಸ, ಬಳಿಕ ಕಾಳಗದ ಪ್ರದರ್ಶನ ಎಂಬ ಪದ್ಧತಿ ಹಾಕಿದರು. ಈ ವರ್ಷ ನಾಟಕವನ್ನು ಸ್ವಹಸ್ತದಿಂದ ತಿದ್ದಿದರು. ಹೊಸ ಪ್ರಸಂಗದಲ್ಲಿ ಹೆಬ್ಬಾಗಿಲು ತೆರೆಯುವುದೇ ಇಲ್ಲ. ವೈರಿಗಳು ಗುದ್ದಿ ಗುದ್ದಿ ಸೋತು, ಪೆಂಡಾಲಿನವರ ಏಣಿ ಹಾಕಿ ಪಡುವಣ ಗೋಡೆ ಹತ್ತಿ ಬರುತ್ತಾರೆ. ಕಾವಲಿನವನು ಬಾಗಿಲಿಗೆ ಬೆನ್ನು ಕೊಟ್ಟು, ಒಂದೂವರೆ ಪುಟದ ಭಾಷಣ ಮಾಡಿ ಸಾಯುತ್ತಾನೆ. ಆ ಪಾತ್ರ ಮಾಸ್ತರರದೇ. ಸಂಘದವರು ಒಪ್ಪಿದರು, ಏಕೆಂದರೆ ಒಂದೂವರೆ ಪುಟ ಬಾಯಿಪಾಠ ಮಾಡಲು ಬೇರೆ ಯಾರೂ ಮುಂದೆ ಬರಲಿಲ್ಲ. ಮಾಸ್ತರರು ಬಡಿಗನಿಂದ ಜಾಲಿ ಕಟ್ಟಿಗೆಯ ಹೊಸ ಅಗಳಿಯನ್ನೂ ಕೆತ್ತಿಸಿ ಬಾಗಿಲಿಗೆ ತೊಡಿಸಿದರು. ಉಪನ್ಯಾಸಕ್ಕೆ ಬಂದವರು ಪ್ರೊಫೆಸರ್ ವಿರೂಪಾಕ್ಷಯ್ಯ ಸಾಲಿಮಠ. ಕಾವಲಿನವನು ದ್ರೋಹಿ ಎಂದು ದಪ್ಪ ಅಕ್ಷರದಲ್ಲಿ ಬರೆದ ಪುಣ್ಯಾತ್ಮ. ಬರಲಿ ಎಂದರು ಮಾಸ್ತರರು. ಪ್ರೊಫೆಸರರು ಮಾತಿನಲ್ಲಿ ಹೇಳಿ ಮುಗಿಸಿದ ಕ್ಷಣವೇ ಹಲಗೆ ಬಾರಿಸಬೇಕು, ದಂಡು ಏರಿ ಬರಬೇಕು, ಇಡೀ ಊರಿನ ಕಣ್ಣೆದುರು ಬಾಗಿಲು ತೆರೆಯದೆ ನಿಲ್ಲಬೇಕು. ಅದಕ್ಕಿಂತ ಉತ್ತರ ಬೇರೆ ಬೇಕೇ?

ಇನ್ನು ಪರದಳದ ನಾಯಕ. ಜೋಳಪಿಷ್ಟಧವಳಿತಗಾತ್ರ, ಗಿರಣಿಘರ್ಘರಘೋಷಜಿತ್ಕಂಠ, ತೈಲಡಬ್ಬಾಕವಚಧಾರಿ, ಅಡಿವೆಪ್ಪ ತುಪ್ಪದ! ಹಿಟ್ಟಿನ ಗಿರಣಿಯ ಮಾಲೀಕ, ಮಾಸ್ತರರ ಹೆಂಡತಿ ನೀಲವ್ವನ ಬೆನ್ನಿಗೆ ಬಿದ್ದ ತಮ್ಮ. ಅವನ ದೇಹಕ್ಕೆ ಒಗ್ಗುವ ಕವಚ ಬಾಡಿಗೆಗೆ ಸಿಗದೆ, ಎಣ್ಣೆ ಡಬ್ಬಿಗಳನ್ನು ಕತ್ತರಿಸಿ, ಕುತ್ತಿಗೆಯಿಂದ ಮೊಣಕಾಲವರೆಗೆ ಹೊಂದಿಸಿ, ನೀಲವ್ವನೇ ದಬ್ಬಣದಿಂದ ಬೆನ್ನ ಹಿಂದೆ ಸುತಳಿ ಹೊಲಿಗೆ ಹಾಕಿ ಕಳಿಸಿದ್ದಳು. ನಾಯಕನಿಗೆ ಸಕ್ಕರೆ ಕಾಯಿಲೆ. ಬಿಸಿಲು ಬೇರೆ. ಪ್ರೊಫೆಸರರು ಮೈಕು ಹಿಡಿಯುವ ಮುಂಚೆ ಅವನು ಎರಡು ತಂಬಿಗೆ ಮಜ್ಜಿಗೆ ಕುಡಿದಿದ್ದ.

ಪ್ರೊಫೆಸರರು ಶಿಲಾಯುಗದಿಂದ ಹೊರಟರು. ಹೊರಟವರು ಎಲ್ಲೂ ಅವಸರ ಮಾಡಲಿಲ್ಲ. ಹೆಬ್ಬಾಗಿಲ ಒಳಗೆ ಮುಂಡಾಸು ಸುತ್ತಿ, ಕಲಾಯಿ ತಗಡಿನ ಖಡ್ಗ ಹಿಡಿದು ನಿಂತ ಮಾಸ್ತರರಿಗೆ ಎಲ್ಲವೂ ಕೇಳುತ್ತಿತ್ತು. ಅವರ ಸೈನ್ಯವೆಂದರೆ ಗರಡಿಯ ಹುಡುಗರು, ನೆರಳಲ್ಲಿ ಕೂತು ಮೊಬೈಲು ತೀಡುತ್ತಿದ್ದರು. ಸೂರ್ಯ ನೆತ್ತಿಗೇರಿದ. "ಕೊನೆಯದಾಗಿ" ಎಂದರು ಪ್ರೊಫೆಸರರು. ಹೊರಗಿನ ದಂಡು ಎದ್ದು ನಿಂತಿತು. "ಇನ್ನೊಂದು ಮಾತು" ಎಂದರು. ದಂಡು ಕೂತಿತು. ಹಲಗೆಯವನು ಹಲಗೆಯನ್ನೇ ತಲೆದಿಂಬು ಮಾಡಿಕೊಂಡ.

ಆಗ ಬಾಗಿಲ ಮೇಲೆ ಸದ್ದಾಯಿತು. ಮೆಲ್ಲಗೆ, ಉಗುರಿನಿಂದ ಕೆರೆದ ಹಾಗೆ.

ಮಾಸ್ತರರ ರೋಮಗಳು ನಿಮಿರಿದವು. ದಂಡು ಮುಂಚೆಯೇ ಬಂತೆಂದು ಭಾವಿಸಿದ ಆ ದ್ವಾರಪಾಲಕುಲತಿಲಕರು ಸಿಂಹಗರ್ಜನೆ ಮಾಡಿದರು: "ಎಲವೋ ಪರದಳಾಧಮ! ಈ ವಜ್ರಕವಾಟದ ಹಿಂದೆ ನಿಂತವನು ಯಾರೆಂದು ಬಲ್ಲೆಯಾ? ಮೇರು ಕದಲಬಹುದು, ಸಪ್ತಸಾಗರಗಳು ಬತ್ತಬಹುದು, ನನ್ನ ಕೈಯ ಅಗಳಿ ಕದಲದು!"

"ಮಾವಾ, ನಾ ಅಡಿವೆಪ್ಪ ಅದೀನಿ. ಜರಾ ತಗೀರಿ."

"ಉಪನ್ಯಾಸ ಮುಗಿದಿಲ್ಲಲ್ಲೋ! ಹಲಗಿ ಬಾರ್ಸಿಲ್ಲ, ಯಾಕ ಬಂದಿ?"

"ಹಲಗಿ ಮನಿ ಹಾಳಾಗ್ಲಿ. ಮಜ್ಜಿಗಿ ಭಾಳ ಕುಡದೇನ್ರಿ."

ಆಹಾ, ಜಲಬಾಧೆ! ಚಕ್ರವರ್ತಿಗಳನ್ನೂ ಸಿಂಹಾಸನದಿಂದ ಎಬ್ಬಿಸುವ ಮಹಾಶಕ್ತಿಯೇ! ಇಡೀ ಬಯಲಿಗೆ ಇದ್ದ ಶೌಚಾಲಯ ಒಂದೇ, ಅದೂ ಕೋಟೆಯ ಒಳಗೆ, ಫಿರಂಗಿ ಇಟ್ಟ ತೋಪಿನ ದಿಬ್ಬದ ಪಕ್ಕದಲ್ಲಿ.

"ಹಿಂದ ಎಲ್ಲ್ಯಾರ ಮರೀಗೆ ಹೋಗೋ" ಎಂದರು ಮಾಸ್ತರರು, ದನಿ ತಗ್ಗಿಸಿ.

"ಎಲ್ಲಿ ಹೋಗ್ಲ್ರಿ? ಈ ಕಡೆ ಹೈಸ್ಕೂಲ್ ಹುಡುಗ್ಯಾರು ಕುಂತಾರ, ಆ ಕಡೆ ನಮ್ಮ ಬೀಗರು ಕುಂತಾರ. ಒಂದ್ ಗಿಡ ಐತೇನು? ಅಕ್ಕ ಬ್ಯಾರೆ ಹಿಂದ ಸುತಳಿಲೆ ಹೊಲದು ಕಳಸ್ಯಾಳ, ನನ್ನ ಕೈಲೆ ಬಿಚ್ಚಾಕ ಬರಂಗಿಲ್ಲ."

"ಅಡಿವೆಪ್ಪಾ, ಇವತ್ತ ನಾ ಬಾಗ್ಲಾ ತಗದ್ರ ಏನಾಕ್ಕೈತಿ ಗೊತ್ತೈತಿಲ್ಲೋ? ನಮ್ಮ ಮನಿತನದ ಮಾನ ಹೊಕ್ಕೈತಿ."

"ನಿಮ್ಮ ಮಾನದ್ದು ಆಮ್ಯಾಲೆ ನೋಡಿದ್ರಾತ್ರಿ. ನನ್ನ ಮಾನ ಈಗ ಹೊಂಟೈತಿ!"

ಧ್ವನಿವರ್ಧಕ ಗುಡುಗಿತು: "ಆ ನಂಬಿಕೆದ್ರೋಹಿ ಕಾವಲುಗಾರನ ಎದೆ ಕಲ್ಲಾಗಿತ್ತೇ ಬಂಧುಗಳೇ?" ಮಾಸ್ತರರು ಹಲ್ಲು ಕಚ್ಚಿದರು. ಒಂದು ಕಡೆ ತಲೆತಲಾಂತರದ ಅವಮಾನ. ಈ ದಿನಕ್ಕಾಗಿ ಎಷ್ಟು ರಾತ್ರಿ ನಿದ್ದೆಗೆಟ್ಟು ಮಾತು ಜೋಡಿಸಿದ್ದರು! ಇನ್ನೊಂದು ಕಡೆ ಎರಡು ತಂಬಿಗೆ ಮಜ್ಜಿಗೆ. ಅವರು ಬಾಗಿಲ ಸಂದಿಗೆ ಕಣ್ಣಿಟ್ಟು ನೋಡಿದರು. ಮಾಸ್ತರರಿಗೆ ಎದೆನೋವು ಬಂದಿದ್ದಾಗ ದವಾಖಾನೆಯ ಬೆಂಚಿನ ಮೇಲೆ ಗಿರಣಿ ಮುಚ್ಚಿ ಬಂದು ಕೂತಿದ್ದ ಮುಖ ಅದು. ಬೆವರು ಇಳಿಯುತ್ತಿತ್ತು. ಮೊಣಕಾಲುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು.

"ಮಾವಾ," ಎಂದ ಅಡಿವೆಪ್ಪ, ಪಿಸುದನಿಯಲ್ಲಿ, "ನಿಮ್ಮ ಕಾಲ ಬೀಳ್ತೀನ್ರಿ."

ಹಾಗೆ ಅವನು ಯಾರಿಗೂ ಅಂದವನಲ್ಲ. ಮಾಸ್ತರರ ಬಾಯಿ "ಇಲ್ಲ" ಎನ್ನುತ್ತಿದ್ದಂತೆಯೇ ಕೈ ಅಗಳಿಯ ಮೇಲಿತ್ತು. "ಒಂದ್ ಗೇಣ ತಗೀತೀನಿ, ಸಂದ್ಯಾಗ ನುಸುಳಿ ಬಾ, ಯಾರಿಗೂ ಗೊತ್ತಾಗಬಾರದು" ಎಂದರು. ಜಾಲಿಯ ಹೊಸ ಅಗಳಿ ಬೆಣ್ಣೆಯಂತೆ ಸರಿಯಿತು.

ಒಂದು ಗೇಣಿನಲ್ಲಿ ನುಸುಳುವ ದೇಹವೇ ಅದು? ಅಡಿವೆಪ್ಪ ಹೆಗಲು ಕೊಟ್ಟ. ಹೆಬ್ಬಾಗಿಲ ಎರಡೂ ಕದಗಳು ಕಿರ್‍ರೆಂದು ಪೂರಾ ತೆರೆದುಕೊಂಡವು. ಸರಿಯಾಗಿ ಅದೇ ಕ್ಷಣಕ್ಕೆ ಧ್ವನಿವರ್ಧಕದಿಂದ ಬಂತು: "ಆಗ, ಬಂಧುಗಳೇ, ಬಾಗಿಲು ಒಳಗಿನಿಂದಲೇ ತೆರೆಯಿತು!"

ಊರು ಚಪ್ಪಾಳೆ ತಟ್ಟಿತು. ಆ ಸದ್ದಿಗೆ ಹಲಗೆಯವನು ಬೆಚ್ಚಿ ಎದ್ದು ಬಾರಿಸತೊಡಗಿದ. ತಮ್ಮ ನಾಯಕ ಒಬ್ಬನೇ ಕೋಟೆಗೆ ನುಗ್ಗುವುದನ್ನು ಕಂಡ ಹಳದಿ ನಿಶಾನೆಯ ದಂಡು, ಆಹಾ ಏನು ಶೌರ್ಯ ಎಂದು ಪುಳಕಗೊಂಡು, "ಹರ ಹರ ಮಹಾದೇವ!" ಎಂದು ಬೊಬ್ಬಿಡುತ್ತ ಹಿಂದೆ ಓಡಿತು. ಗರಡಿಯ ಹುಡುಗರು ಕಾದಾಡುವ ಬದಲು ಪಕ್ಕಕ್ಕೆ ಸರಿದು ವಿಡಿಯೋ ಮಾಡಿಕೊಂಡರು. ಗೊರವನಗಡ ಬಿತ್ತು.

ನಾಯಕ ಎಡಕ್ಕೆ ತಿರುಗಿದರೆ ದಂಡೂ ಎಡಕ್ಕೆ, ದಿಬ್ಬ ಹತ್ತಿದರೆ ದಂಡೂ ದಿಬ್ಬಕ್ಕೆ. ಎಲ್ಲರಿಗಿಂತ ಮುಂದೆ ಅವನ ಬೆನ್ನಿಗಂಟಿ ಓಡುತ್ತಿದ್ದವರು ಮಾಸ್ತರರು. ಓಡುತ್ತಲೇ ಖಡ್ಗದಿಂದ ಸುತಳಿಯ ಹೊಲಿಗೆ ಹರಿಯುತ್ತಿದ್ದರು. ಆ ಖಡ್ಗ ಜನ್ಮದಲ್ಲಿ ಮಾಡಿದ ಪರಾಕ್ರಮ ಅದೊಂದೇ. ಕೊನೆಯ ಗಂಟಿಗೆ ಅದು ಬಾಗಿತು, ಕವಚ ಖಣಲ್ ಎಂದು ಕಳಚಿ ಬಿತ್ತು, ಅಡಿವೆಪ್ಪ ಹಳದಿ ಬಣ್ಣದ ಆ ಸಣ್ಣ ಕೋಣೆಗೆ ಹೊಕ್ಕ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

ದಂಡು ಕತ್ತಿ ಎತ್ತಿಕೊಂಡು ಬಂದು ನಿಂತಿತು. ಮಾಸ್ತರರು ತಿರುಗಿದರು. ಬೆನ್ನನ್ನು ಆ ಬಾಗಿಲಿಗೆ ಕೊಟ್ಟರು, ತೋಳು ಚಾಚಿದರು, ಬಾಗಿದ ಖಡ್ಗ ಎತ್ತಿದರು. ಏನು ಮಾಡಿಯಾರು, ಒಂದೂವರೆ ಪುಟ ಗಂಟಲಲ್ಲೇ ನಿಂತಿತ್ತು, ಅದು ಹೊರಗೆ ಬಂದೇ ಬಂತು:

"ನಿಲ್ಲಿರಿ! ಈ ದ್ವಾರ ಕಾಯುವವನು ಅಗಳಿಯ ಕುಲದವನು! ನನ್ನ ಎದೆಯಲ್ಲಿ ಉಸಿರಿರುವತನಕ, ನನ್ನ ನಾಡಿಯಲ್ಲಿ ನೆತ್ತರಿರುವತನಕ, ಈ ಹೊಸ್ತಿಲನ್ನು ಒಬ್ಬನೂ ತುಳಿಯಲಾರ! ನನ್ನ ಹೆಣ ದಾಟಿ ಹೋಗಿರಿ!"

ಕಂಬನಿ ಸುರಿಯುತ್ತಿತ್ತು. ದಂಡಿನವರು ಮುಖ ಮುಖ ನೋಡಿಕೊಂಡರು. "ಸರ, ಇದು ನಾಟಕದಾಗ ಎಲ್ಲಿ ಬರ್ತೈತ್ರಿ?" ಎಂದ ಒಬ್ಬ. ಒಳಗಿನಿಂದ ಕ್ಷೀಣ ದನಿ ಬಂತು: "ಮಾವಾ, ಅವ್ರನ್ನ ದೂರ ಕಳಸ್ರಿ. ಇಷ್ಟ ಮಂದಿ ನಿಂತ್ರ ನನಗ ಆಗವಲ್ದು."

ದಂಡನ್ನು ಮಾಸ್ತರರು ಕಳಿಸಿದರು. ಆ ಬಾಗಿಲನ್ನು ಕೊನೆಯವರೆಗೂ ಕಾದರು.

ಪ್ರೊಫೆಸರರು ಮೈಮರೆತು ತಮ್ಮ ಶಾಲನ್ನೇ ಮಾಸ್ತರರಿಗೆ ಹೊದಿಸಿ "ನನ್ನ ವಾದಕ್ಕೆ ಇಷ್ಟು ನೈಜ ಸಮರ್ಥನೆ ಎಲ್ಲೂ ಸಿಕ್ಕಿರಲಿಲ್ಲ" ಎಂದರು. ಇಳಿಹೊತ್ತಿಗೆ ಚಾದಂಗಡಿಯಲ್ಲಿ ಕಥೆ ಕುದಿಯುತ್ತಿತ್ತು: ಅಗಳಿಯವರು ಮತ್ತ ಬಾಗ್ಲಾ ತಗದ್ರಂತ! ಈ ಪರ್ವವನ್ನು ಓದಿದವರಿಗೆ ಇಂಥ ಫಲ ಎಂದು ಹೇಳಬೇಕಾದದ್ದು ಕಥಕನ ಧರ್ಮ. ಇದನ್ನು ಆಡಿದವರಿಗೆ ಸಿಕ್ಕ ಫಲ ನೋಡಿದರೆ ಅವನಿಗೆ ಧೈರ್ಯ ಸಾಲದು.

ಮಾಸ್ತರರು ಪಡಸಾಲೆಯಲ್ಲಿ ಶಾಲು ಹೊದ್ದು ಕೂತಿದ್ದರು. ನೀಲವ್ವ ರೊಟ್ಟಿ ತಂದಿಟ್ಟಳು. ರೊಟ್ಟಿ ಮುಟ್ಟದೆ ಅವರು ಅಂದರು: "ನೀಲಾ, ಅಂವ ಮುತ್ತಜ್ಜನೂ ಹಿಂಗ ತಗದಿರಬೇಕು ನೋಡು. ಹೊರಗ ಯಾರೋ ಕಾಲ ಬೀಳ್ತೀನಿ ಅಂದಿರಬೇಕು."

"ತಗದಿರ್ತಾನ, ಮತ್ತೇನು?" ಎಂದಳು ನೀಲವ್ವ. "ಬಾಗ್ಲಾಗ ನಿಂತು ಒಬ್ರು ಅಳಾಕತ್ತಿದ್ರ ಕೇಳಿಸ್ಕೊಂಡು ಸುಮ್ನ ಕುಂದ್ರೂ ಮಂದಿ ಅಲ್ಲ ನೀವು. ಉಣ್ಣ್ರಿ, ರೊಟ್ಟಿ ಆರ್ತಾವ."

ಮಾಸ್ತರರು ರೊಟ್ಟಿ ಮುರಿದರು. ಅಂದು ಊಟ ಸೇರಿತು.

ಹೊರಗೆ ಕದ ಬಡಿದ ಸದ್ದಾಯಿತು. "ಮಾವಾ, ನಾನ್ರಿ. ಬಿಸಿ ಮಿರ್ಚಿ ತಂದೀನಿ, ಬಾಗ್ಲಾ ತಗೀರಿ."

"ಅಗಳಿ ಹಾಕಿಲ್ಲೋ," ಎಂದರು ಮಾಸ್ತರರು ತುತ್ತು ನುಂಗಿ. "ನೂಕಿ ಬಾ."