ಅಂಗಾತ ಮಲಗಿದ ಅಲ್ಪವಿರಾಮ

ಎಲ್ಲದಕ್ಕೂ ಕಾರಣ ಅಂಗೈಯಗಲದ ಒಂದು ಪತ್ರಿಕೆಯ ತುಣುಕು. ಹಾಸಿಗೆ ಅಂಗಡಿಯ ಯಜಮಾನರು ಅದನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದ್ದರು. ‘ಮಲಗುವ ಭಂಗಿಯೇ ನಿಮ್ಮ ಸ್ವಭಾವ’ ಎಂಬುದು ಅದರ ತಲೆಬರಹ. ಮುದುಡಿ ಮಲಗುವವರು ಪುಕ್ಕಲರು, ಬೋರಲು ಮಲಗುವವರು ಹಟಮಾರಿಗಳು, ಇಬ್ಬರಿಗೂ ಬೆನ್ನುನೋವು ಕಟ್ಟಿಟ್ಟ ಬುತ್ತಿ ಎಂದೆಲ್ಲ ಬರೆದಿತ್ತು. ‘ಅಂಗಾತ, ನೆಟ್ಟಗೆ ಮಲಗುವವರು ಹುಟ್ಟು ನಾಯಕರು’ ಎಂಬ ಸಾಲಿನ ಕೆಳಗೆ ಮಾತ್ರ ಯಜಮಾನರ ಕೆಂಪು ಪೆನ್ಸಿಲ್ಲಿನ ಗೆರೆ.

ಮರುದಿನವೇ ಅಂಗಡಿಗೆ ಹೊಸ ಮೇಲ್ವಿಚಾರಕರ ನೇಮಕ ಆಗುವುದಿತ್ತು. ಗೆರೆಯ ಅರ್ಥ ಎಲ್ಲರಿಗೂ ತಾನಾಗಿ ಹೊಳೆದುಬಿಟ್ಟಿತು. ನಮ್ಮ ಹಿರಿಯ ಮಾರಾಟಗಾರನ ಎದೆ ಧಸಕ್ಕೆಂದಿತು. ಹನ್ನೊಂದು ವರ್ಷ ನಿಂತುಕೊಂಡೇ ಹಾಸಿಗೆ ಮಾರಿದ ಪ್ರಾಣಿ ಅದು. ಆ ಅಂಗಡಿಯಲ್ಲಿ ಕುರ್ಚಿ ಇದ್ದದ್ದು ಇಬ್ಬರಿಗೇ, ಒಂದು ಯಜಮಾನರಿಗೆ, ಇನ್ನೊಂದು ಮೇಲ್ವಿಚಾರಕರಿಗೆ. ಅವನ ಕಣ್ಣು ಆ ಎರಡನೆಯ ಕುರ್ಚಿಯ ಮೇಲೆ. ಆದರೆ ಮೊಣಕಾಲು ಗಲ್ಲಕ್ಕೆ ತಾಗಿಸದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೆಂಡತಿ ಇಟ್ಟ ಹೆಸರೇ ಅಲ್ಪವಿರಾಮ.

ಹಾಗಾಗಿ ಆ ರಾತ್ರಿ ಎರಡೂ ಮಗ್ಗುಲಿಗೆ ಒಂದೊಂದು ಟ್ರಂಕು ಇಟ್ಟುಕೊಂಡು ಅಂಗಾತ ಮಲಗಿದ. ಬೆಳಿಗ್ಗೆ ಏಳಲು ಹೋದರೆ ಸೊಂಟ ಹಿಡಿದುಕೊಂಡಿತ್ತು.

“ಅಲ್ಪವಿರಾಮ ಹೋಗಿ ಆಶ್ಚರ್ಯಸೂಚಕ ಆಯ್ತಲ್ರೀ!” ಎಂದಳು ಹೆಂಡತಿ.

“ನಗಬೇಡ್ವೇ. ಮೊದಲು ಕೈ ಕೊಡು. ಯಜಮಾನ್ರು ಕೇಳಿದ್ರೆ ನಾನು ಹುಟ್ಟಿದಾಗಿಂದ ಹೀಗೇ ಮಲಗೋದು, ಗೊತ್ತಾಯ್ತಾ?”

“ಅಯ್ಯೋ, ಅಷ್ಟು ಹೇಳಲ್ವಾ ನಾನು!”

ಮೆಟ್ಟಿಲ ಮೇಲೆ ಗೋಡೆ ಹಿಡಿದು ಇಳಿಯುತ್ತಿದ್ದವನನ್ನು ಮೇಲಿನ ಮನೆಯ ಅಜ್ಜಿ ತಡೆದಳು. “ಸೊಂಟನಾ ಮಗಾ? ಎಡಮಗ್ಗುಲಾಗಿ ಮಲಗಬೇಕು, ಮೊಣಕಾಲ ಮಧ್ಯೆ ದಿಂಬು ಇಟ್ಕೋಬೇಕು.”

“ದಿಂಬೂ ಬೇಡ, ಗಿಂಬೂ ಬೇಡ,” ಎಂದು ಕೆಳಗಿನ ಮನೆಯಿಂದ ಗುಡುಗುತ್ತ ಬಂದರು ನಿವೃತ್ತ ಡ್ರಿಲ್ ಮೇಷ್ಟ್ರು. “ಬರೀ ನೆಲ! ತಿರುಗು ತಮ್ಮಾ, ಒಂದೇ ನಿಮಿಷದಲ್ಲಿ ಸರಿ ಮಾಡ್ತೀನಿ.” ಬೇಡ ಎನ್ನುವಷ್ಟರಲ್ಲಿ ಅವನ ಬೆನ್ನಿಗೆ ಮೊಣಕಾಲು ಕೊಟ್ಟು ಭುಜ ಎಳೆದೇಬಿಟ್ಟರು. ಟಕ್ಕೆಂದಿತು. ಸೊಂಟದಲ್ಲಿದ್ದ ನೋವು ಹಿಮ್ಮಡಿಯವರೆಗೂ ಇಳಿಯಿತು.

“ನೋಡಿ, ಈಗ ಹೇಗೆ ನೆಟ್ಟಗಾದ!” ಎಂದು ಮೇಷ್ಟ್ರು ಅಜ್ಜಿಗೆ ತೋರಿಸಿದರು. ನಿಜ, ಬಗ್ಗಲು ಸಾಧ್ಯವಿದ್ದರೆ ತಾನೆ.

ಅಂಗಡಿಯಲ್ಲಿ ಸಹೋದ್ಯೋಗಿ ಟೇಪಣ್ಣ ಎದುರಾದ. ಅಳತೆಯ ಟೇಪು ಸದಾ ಕೊರಳಲ್ಲಿರುವುದರಿಂದ ಆ ಹೆಸರು. “ನಾನಂತೂ ಬೋರಲು ಕಣಣ್ಣಾ, ಕಪ್ಪೆ ಥರ,” ಎಂದ ಅವನು ಪೆಚ್ಚಾಗಿ. “ಆ ಕುರ್ಚಿ ನಂಗೆಲ್ಲಿಂದ ಸಿಗಬೇಕು?”

ನಮ್ಮವನಿಗೆ ಅಯ್ಯೋ ಪಾಪ ಅನ್ನಿಸಿತು. ಜೊತೆಗೆ ತುಂಬಾ ಖುಷಿಯೂ ಆಯಿತು.

ಹನ್ನೊಂದಕ್ಕೆ ಯಜಮಾನರು ಒಳಗೆ ಕರೆದರು. ಮೇಜಿನ ಮೇಲೆ ಟೈಪಾದ ಒಂದು ಕಾಗದ ಮಗುಚಿ ಇಟ್ಟಿತ್ತು.

“ಬನ್ನಿ. ಅದಕ್ಕೂ ಮೊದಲು ಒಂದು ಮಾತು. ನಮ್ಮಲ್ಲಿ ಅಂಗಾತ ಮಲಗೋರು ಯಾರಾದ್ರೂ ಇದ್ದಾರೇನ್ರೀ?”

“ನಾನೇ ಸಾರ್!” ಎಂದ, ಕೇಳಿ ಮುಗಿಯುವುದಕ್ಕೂ ಬಿಡದೆ.

“ನಿಜವಾಗ್ಲೂ? ಅಲ್ಲಾಡದೆ?”

“ಮನೇಲಿ ಕೇಳಿ ಸಾರ್.”

ಯಜಮಾನರು ಕೇಳಿಯೇಬಿಟ್ಟರು. ಫೋನಿನಲ್ಲಿ ಹೆಂಡತಿಯ ದನಿ ಕೋಣೆಗೆಲ್ಲ ಕೇಳಿಸಿತು. “ಕಡ್ಡಿ ಥರ ಸಾರ್! ಬೆಳಗಿನವರೆಗೂ ಮಗ್ಗುಲು ಬದಲಾಯಿಸಲ್ಲ. ಎಷ್ಟೋ ಸಲ ನಾನೇ ಹೆದರಿ ಮೂಗಿನ ಹತ್ರ ಕೈ ಇಟ್ಟು ನೋಡಿದೀನಿ!”

ಅವಳ ಮೇಲೆ ಅವನಿಗೆ ಇಷ್ಟು ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ.

“ಭೇಷ್!” ಯಜಮಾನರು ಫೋನ್ ಇಟ್ಟರು. “ನಿಂತಾಗಲೂ ಎಷ್ಟು ನೆಟ್ಟಗಿದ್ದೀರಿ, ನೋಡೇ ಇರಲಿಲ್ಲ ನಾನು.” ಮಗುಚಿದ್ದ ಕಾಗದವನ್ನು ತಿರುಗಿಸಿದರು. ಮೇಲ್ವಿಚಾರಕರ ನೇಮಕದ ಆದೇಶ, ಅದರಲ್ಲಿ ಅವನದೇ ಹೆಸರು. ಅವನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಯಜಮಾನರು ಕೆಂಪು ಪೆನ್ಸಿಲ್ ತೆಗೆದು ಆ ಹೆಸರನ್ನು ಹೊಡೆದು ಹಾಕಿದರು.

“ಸಾರ್?”

“ಮೇಲ್ವಿಚಾರಣೆ ಯಾರು ಬೇಕಾದ್ರೂ ಮಾಡ್ತಾರೆ ಕಣ್ರೀ, ಟೇಪಣ್ಣನಿಗೆ ಕೊಡ್ತೀನಿ. ಆದ್ರೆ ಮುಂದಿನ ಗಾಜಿನ ಕಿಟಕೀಲಿ, ಹೊಸ ಹಾಸಿಗೆ ಮೇಲೆ, ದಿನಕ್ಕೆ ಆರು ಗಂಟೆ ಅಂಗಾತ ಮಲಗೋ ಮನುಷ್ಯ ಎಲ್ಲೂ ಸಿಕ್ಕಿರಲಿಲ್ಲ. ಜಾಹೀರಾತಿಗೇ ಅಂತ ಆ ಲೇಖನ ಬರೆಸಿದ್ದೇ ನಾನು. ನಿನ್ನೆ ಗೆರೆ ಎಳೆದು ಅಂಟಿಸಿದ್ರೂ ನಿಮ್ಮನ್ನ ಬಿಟ್ಟು ಯಾರೂ ಮುಂದೆ ಬರಲಿಲ್ಲ ನೋಡಿ!”

ತಾನು ಮಲಗುವುದು ಮುದುಡಿಕೊಂಡು ಎಂದು ಬಾಯಿ ಬಿಡೋಣವೆಂದರೆ, ಹೆಂಡತಿಯ ಸಾಕ್ಷಿ ಇನ್ನೂ ಕೋಣೆಯಲ್ಲೇ ಮೊಳಗುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಅವನನ್ನು ಕಿಟಕಿಯಲ್ಲಿ ಮಲಗಿಸಿದರು. ತಲೆಯ ಹತ್ತಿರ ‘ಹುಟ್ಟು ನಾಯಕರ ಹಾಸಿಗೆ, ಬೆನ್ನುನೋವಿನ ಮಾತೇ ಇಲ್ಲ’ ಎಂಬ ಬೋರ್ಡು. ಗಾಜಿನಾಚೆ ಜನ ಸೇರಿದರು. ಸಂಜೆಯ ನಡಿಗೆಗೆ ಹೊರಟ ಡ್ರಿಲ್ ಮೇಷ್ಟ್ರೂ ಬಂದು, ಅವನನ್ನು ಸರಿ ಮಾಡಿದ್ದು ತಾವೇ ಎಂದು ಪಕ್ಕದವರಿಗೆ ಹೇಳತೊಡಗಿದರು.

ಸೊಂಟ ಸಿಡಿಯುತ್ತಿತ್ತು. ಯಾರೂ ನೋಡದ ಹೊತ್ತು ಹುಡುಕಿ ಅವನು ಮೆಲ್ಲಗೆ ಒಂದು ಮೊಣಕಾಲು ಮಡಚಿದ.

“ಅಣ್ಣಾ, ಕಾಲು ನೆಟ್ಟಗೆ,” ಎಂದ ಟೇಪಣ್ಣ, ಕುರ್ಚಿಯಿಂದ ಏಳದೆಯೇ.